ಮೂರನೆಯ ಸೋರಿಕೆ

ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ಬಸ್ಸನ್ನು ಯಾವಾಗ ಹತ್ತಿದರೂ ಚಿಕ್ಕಸ್ವಾಮಿಗೆ ಸಿಗುವುದು ಹಿಂದಿನ ಚಕ್ರದ ಮೇಲಿನ ಸೀಟೇ. ಅಲ್ಲಿ ಕಾಲು ಚಾಚುವಂತಿಲ್ಲ, ಮಡಚಿದರೆ ಮಂಡಿ ಗದ್ದಕ್ಕೆ ಬರುತ್ತದೆ. ಐವತ್ನಾಲ್ಕು ವರ್ಷದ ಮಂಡಿ ಅದು. ಮೂವತ್ತು ವರ್ಷ ಟ್ರಾಕ್ಟರುಗಳ ಅಡಿಯಲ್ಲಿ ನೆಲಕ್ಕೂರಿಯೇ ಸವೆದದ್ದು. ತೊಡೆಯ ಮೇಲೆ ಸ್ಪ್ಯಾನರು ತುಂಬಿದ ರೆಕ್ಸಿನ್ ಚೀಲ. ಚಿನಕುರಳಿ ದಾಟುವ ಹೊತ್ತಿಗೆ ಅದರ ಭಾರಕ್ಕೆ ತೊಡೆ ಜೋಮು ಹಿಡಿಯಿತು. ಕೆಳಗಿಡೋಣವೆಂದರೆ ಕಾಲ ಬುಡದಲ್ಲಿ ಯಾರದೋ ಕೋಳಿಬುಟ್ಟಿ.

ಒಂದೂವರೆ ತಿಂಗಳಲ್ಲಿ ಇದು ಮೂರನೇ ಪ್ರಯಾಣ. ಅದೇ ಊರು, ಅದೇ ಟ್ರಾಕ್ಟರು, ಅದೇ ಸೋರಿಕೆ. ಸಿಟ್ಟಾದರೂ ಬಂದಿದ್ದರೆ ಚೆನ್ನಾಗಿತ್ತು, ಸಿಟ್ಟು ಬಂದವನಲ್ಲಿ ಒಂದಿಷ್ಟು ಕಸುವಾದರೂ ಇರುತ್ತದೆ. ಚಿಕ್ಕಸ್ವಾಮಿಗೆ ಬಂದಿದ್ದು ಬರೀ ಸುಸ್ತು.

ಟ್ರಾಕ್ಟರು ಸಂತೆಬಾಚಹಳ್ಳಿಯ ಪಕ್ಕದ ಊರಿನ ಮಂಜುನಾಥನದು. ಎರಡು ವರ್ಷದ ಹಿಂದೆ, ತೊಂಬತ್ತೈದರಲ್ಲಿ, ಅವನು ಅದರ ಮೂತಿಗೆ ಲೋಡರು ಕೂರಿಸಿದಾಗ ಸುತ್ತಲ ಹಳ್ಳಿಯವರೆಲ್ಲ ನೋಡಿಹೋಗಲು ಬಂದಿದ್ದರು. ಎರಡು ಕಬ್ಬಿಣದ ತೋಳು. ತೋಳಿನ ತುದಿಗೆ ಬೇಕೆಂದಾಗ ಗೊಬ್ಬರ ತುಂಬುವ ಬಕೆಟ್ಟು, ಬೇಕೆಂದಾಗ ಕಬ್ಬಿನ ಕಂತೆಗಳನ್ನು ತಬ್ಬಿ ಲಾರಿಗೆ ಎತ್ತುವ ಪಂಜ. ಪಂಜ ತೆರೆದು ಮುಚ್ಚಬೇಕಾದರೆ ಅದಕ್ಕೆ ಎಣ್ಣೆಯ ಒತ್ತಡ ಹರಿಯಬೇಕು, ಅದಕ್ಕಾಗಿ ಎರಡು ರಬ್ಬರ್ ಪೈಪು. ಪೈಪಿನ ತುದಿಯಲ್ಲಿರುವ ಗಂಡು, ತೋಳಿನ ಮೇಲಿರುವ ಹೆಣ್ಣಿನೊಳಗೆ ಟಕ್ಕೆಂದು ಕೂರಬೇಕು. ಈ ಜೋಡಿಗೇ ಕಪ್ಲರು ಎನ್ನುವುದು. ಹೆಣ್ಣಿನ ಹೊಟ್ಟೆಯಲ್ಲಿ ಒಂದು ರಬ್ಬರ್ ಉಂಗುರ, ಒಂದು ಸ್ಪ್ರಿಂಗು, ಎಣ್ಣೆ ತಡೆಯುವ ಒಂದು ಪುಟ್ಟ ಉಕ್ಕಿನ ಗುಂಡು. ಇಷ್ಟೇ ಕಥೆ. ಇಷ್ಟು ಚಿಕ್ಕ ವಸ್ತು ಪಾಂಡವಪುರದ ದೊಡ್ಡ ಮೇಸ್ತ್ರಿಯ ಮಾನ ತೆಗೆಯುತ್ತಿತ್ತು.

ಮೊದಲ ಸಲ ಉಂಗುರ ಬದಲಿಸಿದ. ಹತ್ತು ದಿನಕ್ಕೆ ಮತ್ತೆ ಸೋರಿತು. ಎರಡನೇ ಸಲ ಮೈಸೂರಿನಿಂದ ಹೊಸ ಜೋಡಿಯನ್ನೇ ತರಿಸಿದ. ಗಂಡಿಗೂ ಹೆಣ್ಣಿಗೂ ಅಳತೆ ಹೊಂದುತ್ತದೆಯೇ ಎಂದು ಶ್ರೀರಂಗಪಟ್ಟಣದ ಲೇತಿನವನ ಹತ್ತಿರ ಅಳೆಸಿದ. ಎಣ್ಣೆಯ ಒತ್ತಡ ಮಿತಿ ಮೀರಿದೆಯೇ ಎಂದು ಮೀಟರು ಕಟ್ಟಿ ನೋಡಿದ. ಎಲ್ಲವೂ ಸರಿಯಾಗಿತ್ತು. ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ಮಂಜುನಾಥ ಆಗ ಕೇಳಿದ್ದ: "ಎಲ್ಲಾ ಸರಿಯಾಗೇ ಅದೆ ಅಂತೀರಿ, ಮತ್ತೆ ಹತ್ತೇ ದಿನಕ್ಕೆ ಯಾಕ್ ಸೋರ್ತು ಮೇಸ್ತ್ರಿ?"

ಚಿಕ್ಕಸ್ವಾಮಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬ ಒಂದು ಮಾತು ಸಾಕಿತ್ತು. ಆದರೆ ಮೂವತ್ತು ವರ್ಷದಲ್ಲಿ ಆ ಮಾತು ಆಡಿ ಅಭ್ಯಾಸವಿಲ್ಲದವನು ಬಾಯಿಗೆ ಬಂದದ್ದು ಹೇಳಿಬಿಟ್ಟ. "ಬಿಸ್ಲಿಗೆ ಒಳಗಡೆ ಒತ್ತಡ ಕಟ್ಕತದೆ, ಗಂಡು ಸಲೀಸಾಗಿ ಕೂರಕಿಲ್ಲ. ನಿಮ್ ಡ್ರೈವರು ಸುತ್ಗೇಲಿ ಒಡ್ದು ಕೂರಿಸ್ತಾನೆ ಅಂತ ಕಾಣ್ತದೆ."

ಹಾಗೆ ಹೊಡೆಯುವ ಡ್ರೈವರುಗಳು ಇದ್ದಾರೆ, ಆ ಮಾತು ಸುಳ್ಳಲ್ಲ. ಆದರೆ ಆ ಕಪ್ಲರಿನ ಮೇಲೆ ಸುತ್ತಿಗೆಯ ಒಂದು ಗುರುತೂ ಇರಲಿಲ್ಲ, ಅದನ್ನು ಚಿಕ್ಕಸ್ವಾಮಿಯ ಕಣ್ಣು ಆವತ್ತೇ ಕಂಡಿತ್ತು. ನಿನ್ನೆ ಅವನ ವರ್ಕ್‌ಶಾಪಿನ ಪಕ್ಕದ ಎಸ್.ಟಿ.ಡಿ. ಬೂತಿಗೆ ಮಂಜುನಾಥನ ಫೋನು ಬಂತು. "ಮತ್ತೆ ಸೋರ್ತಾ ಅದೆ ಮೇಸ್ತ್ರಿ. ಇನ್ನೊಂದ್ ಸಲ ಸೋರಿದ್ರೆ ಕೀ ಈಸ್ಕತೀನಿ ಅಂತ ಪುಟ್ಟರಾಜಂಗೆ ಯೋಳಿದ್ದೆ. ನಾಳೆ ಬಂದು ಅವನ ಎದುರ್ಗೇ ಒಂದ್ ಮಾತು ಯೋಳ್ಬುಡಿ, ಕಳಿಸ್ಬುಡ್ತೀನಿ."

ಒಬ್ಬನ ಕೆಲಸ ಕೀಳಲು ಕೋಳಿಬುಟ್ಟಿಯ ಪಕ್ಕದಲ್ಲಿ ಕೂತು ಹೋಗುತ್ತಿದ್ದೇನೆ ಎನಿಸಿತು ಚಿಕ್ಕಸ್ವಾಮಿಗೆ. ಅದೂ ತನ್ನದೇ ದುಡ್ಡಿನಲ್ಲಿ ಟಿಕೆಟ್ಟು ತೆಗೆದುಕೊಂಡು.

ಪೇಟೆಯಲ್ಲಿ ಬಸ್ಸು ಬದಲಿಸಿ, ಸಂತೆಬಾಚಹಳ್ಳಿಯಲ್ಲಿ ಇಳಿದು, ಒಂದು ಮೈಲಿ ಬಿಸಿಲಲ್ಲಿ ನಡೆದು ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ಮಂಜುನಾಥನ ಅಂಗಳದಲ್ಲಿ ಆಳುಗಳಿರಲಿಲ್ಲ, ಎಲ್ಲರೂ ಕಬ್ಬು ಕಡಿಯಲು ಗದ್ದೆಗೆ ಹೋಗಿದ್ದರು. ಹೊಂಗೆಮರದ ಕೆಳಗೆ ಟ್ರಾಕ್ಟರು ಪಂಜ ಕಟ್ಟಿಕೊಂಡೇ ನಿಂತಿತ್ತು. ಕಪ್ಲರಿನ ಕೆಳಗೆ ಮಣ್ಣು ಎಣ್ಣೆ ಕುಡಿದು ಕಪ್ಪಾಗಿತ್ತು. ಡ್ರೈವರು ಪುಟ್ಟರಾಜು ಅದರ ಪಕ್ಕದಲ್ಲಿ ಒಗೆದ ಅಂಗಿ ತೊಟ್ಟು ನಿಂತಿದ್ದ. ಮೂವತ್ತರ ವಯಸ್ಸಿನ ತೆಳ್ಳಗಿನ ಆಳು. ಅವನ ಕೇರಿಯಲ್ಲಿ ಹೆವಿ ಲೈಸೆನ್ಸು ಮಾಡಿಸಿದ ಮೊದಲನೆಯವನು. ಟ್ರಾಕ್ಟರಿನ ಕೀಯನ್ನು ಆಗಲೇ ಕೈಯಲ್ಲಿ ಹಿಡಿದುಕೊಂಡಿದ್ದ, ಕೇಳಿದ ತಕ್ಷಣ ಕೊಟ್ಟುಬಿಡಲು ತಯಾರಾಗಿ ಬಂದವನ ಹಾಗೆ.

"ಬಿಚ್ಲಾ ಮೇಸ್ತ್ರಿ?" ಅಂದ.

"ಬಿಚ್ಚು," ಅಂದ ಚಿಕ್ಕಸ್ವಾಮಿ, ಅವನ ಮುಖ ನೋಡದೆ.

ಮಂಜುನಾಥ ಮನೆಯ ಜಗುಲಿಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದ. ಅವನ ತಾಯಿ ಪುಟ್ಟಗೌರಮ್ಮ ಮೊರದಲ್ಲಿ ಹುರುಳಿ ಕೇರುತ್ತಿದ್ದರು. ಪುಟ್ಟರಾಜು ಲಿವರನ್ನು ಆಚೀಚೆ ಆಡಿಸಿ ಒತ್ತಡ ಇಳಿಸಿ, ಪೈಪು ಎಳೆದು, ತೋಳಿನ ಮೇಲಿದ್ದ ಹೆಣ್ಣನ್ನು ಸ್ಪ್ಯಾನರಿನಿಂದ ತಿರುಗಿಸಿ ತೆಗೆದ. ಅವನ ಕೈ ಅವಸರ ಮಾಡಲಿಲ್ಲ. ಇಂಥ ಕೈ ಸುತ್ತಿಗೆ ಹಿಡಿದೀತೇ ಎಂದು ನೋಡುವವರಿಗೆ ಅನಿಸಬೇಕು. ಚಿಕ್ಕಸ್ವಾಮಿಗೂ ಅನಿಸಿತು, ನೋಡದ ಹಾಗೆ ಚೀಲದ ಜಿಪ್ಪು ಎಳೆದ.

ಅವನದೊಂದು ಕಟ್ಟುನಿಟ್ಟು ಇತ್ತು. ಹೈಡ್ರಾಲಿಕ್ಕಿಗೆ ಕೊಳೆಯೇ ಶತ್ರು ಎಂದು ಮೈಸೂರಿನಲ್ಲಿ ಅವನಿಗೆ ವಿದ್ಯೆ ಕಲಿಸಿದವರು ಹೇಳಿದ್ದರು. ಹಾಗಾಗಿ ಬಿಚ್ಚಿದ ಸಾಮಾನು ಅವನ ಕೈಗೆ ಬರುವುದಕ್ಕೂ ಮೊದಲು ಸೀಮೆಎಣ್ಣೆಯ ಡಬ್ಬಕ್ಕೆ ಬೀಳಬೇಕು, ಬ್ರಷ್ಷಿನಲ್ಲಿ ತಿಕ್ಕಿಸಿಕೊಂಡು ಫಳಫಳ ಹೊಳೆಯುತ್ತ ಬರಬೇಕು. ಹಿಂದಿನ ಎರಡು ಸಲವೂ ಪುಟ್ಟರಾಜೇ ತೊಳೆದುಕೊಟ್ಟಿದ್ದ.

"ಅವ್ವಾರೆ, ಒಸಿ ಸೀಮೆಣ್ಣೆ," ಎಂದು ಪುಟ್ಟರಾಜು ಕೂಗಿದ.

"ಎಲ್ಲೀದಪ್ಪ? ಸೊಸೈಟಿಗೆ ಈ ತಿಂಗಳದ್ದು ಇನ್ನೂ ಬಂದೇ ಇಲ್ಲ," ಅಂದರು ಪುಟ್ಟಗೌರಮ್ಮ.

"ಟ್ಯಾಂಕಿಂದ ಡೀಸಲ್ ಬುಡ್ಲಾ ಮೇಸ್ತ್ರಿ?"

ಬೇರೆ ದಿನವಾಗಿದ್ದರೆ ಹೂಂ ಅನ್ನುತ್ತಿದ್ದ. ಇವತ್ತು ಅಷ್ಟು ಹೊತ್ತು ಕಾಯುವುದೂ ದೊಡ್ಡ ಕೆಲಸವಾಗಿ ಕಂಡಿತು. ಬೇಗ ನೋಡಿ, ಹೇಳಬೇಕಾದ್ದು ಹೇಳಿ, ಐದೂವರೆಯ ಬಸ್ಸು ಹಿಡಿದು ಮನೆ ಸೇರಿ ಕಾಲು ಚಾಚಿದರೆ ಸಾಕು. "ಇರ್ಲಿ, ತತ್ತಾ ಇತ್ಲಾಗೆ," ಎಂದು ಎಣ್ಣೆ ಸುರಿಯುತ್ತಿದ್ದ ಕಪ್ಲರನ್ನು ಹಾಗೇ ಕೈಗೆ ತೆಗೆದುಕೊಂಡು ಮರದ ಬೇರಿನ ಮೇಲೆ ಕುಸಿದು ಕೂತ.

ಕೂತವನ ಹೆಬ್ಬೆರಳಿನ ಮೇಲೆ ಏನೋ ಹರಿಯಿತು. ನೋಡಿದರೆ ಇರುವೆ. ಒಂದಲ್ಲ, ನಾಲ್ಕೈದು. ಕಪ್ಲರಿನ ಅಂಚಿನ ಗೀರಿನಲ್ಲಿ ಇನ್ನಷ್ಟು ಎಣ್ಣೆಗೆ ಅಂಟಿ ಸತ್ತಿದ್ದವು. ಚಿಕ್ಕಸ್ವಾಮಿ ಕಪ್ಲರನ್ನು ಕಣ್ಣಿನ ಹತ್ತಿರ ತಂದ. ಅವನ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷದಿಂದ ಇದೇ ಎಣ್ಣೆ ನೆಲದ ಮೇಲೆ ಚೆಲ್ಲಿಕೊಂಡೇ ಇದೆ. ಒಂದು ದಿನ ಒಂದು ಇರುವೆ ಅದರ ಹತ್ತಿರ ಸುಳಿದಿಲ್ಲ.

ಸೂಜಿ ತೆಗೆದು ರಬ್ಬರ್ ಉಂಗುರವನ್ನು ಮೀಟಿ ಎತ್ತಿದ. ಹೊಸ ಉಂಗುರದ ಒಂದು ಕಡೆ ಸೀಳಿತ್ತು, ಆ ಸೀಳಿನೊಳಗೆ ಬಿಳಿಯ ನಾರಿನ ಎಳೆ. ಒಳಗಿನ ಗುಂಡನ್ನು ಒತ್ತಿದರೆ ಅದು ಒಳಗೆ ಹೋಯಿತು, ತಿರುಗಿ ಬರಲು ತಿಣುಕಾಡಿತು. ಬೆರಳಿಗೆ ಅಂಟಂಟು. ಮುದುಕನಾಗುವ ವಯಸ್ಸಿನಲ್ಲಿ ಮಾಡಬಾರದ್ದನ್ನು ಮಾಡಿದ, ಬೆರಳನ್ನು ನಾಲಿಗೆಗೆ ಮುಟ್ಟಿಸಿದ. ಮೊದಲು ಎಣ್ಣೆಯ ಕಹಿ ಬಂತು. ಅದರ ಹಿಂದೆಯೇ, ಸಣ್ಣಗೆ, ಸಿಹಿ.

ಎರಡು ಸಲವೂ ಇದೇ ಇತ್ತು, ಎರಡು ಸಲವೂ ತಾನೇ ಸೀಮೆಎಣ್ಣೆಯಲ್ಲಿ ತೊಳೆಸಿ ಚೆಲ್ಲಿಸಿದ್ದ. ಅದು ಅರ್ಥವಾದಾಗ ಚಿಕ್ಕಸ್ವಾಮಿಗೆ ಖುಷಿಯಾಗಲಿಲ್ಲ.

"ಪುಟ್ಟರಾಜು," ಅಂದ. ಮೂರು ಸಲ ಬಂದವನು ಈ ಮನುಷ್ಯನನ್ನು ಕೇಳಿದ ಮೊದಲ ಪ್ರಶ್ನೆ ಇದು: "ದಿವ್ಸಾ ಸಂಜೆ ಪಂಜ ಬಿಚ್ಚಿ ಬಕೆಟ್ ಆಕ್ತೀಯಲ್ಲ, ಆಗ ಈ ಬಾಯ್ಗೆ ಏನ್ ಮುಚ್ತೀಯ?"

"ನಾನೇನೂ ಮುಚ್ಚಕಿಲ್ಲ ಮೇಸ್ತ್ರಿ." ಪುಟ್ಟರಾಜು ಜಗುಲಿಯ ಕಡೆ ಒಂದು ಸಲ ನೋಡಿ ದನಿ ತಗ್ಗಿಸಿದ. "ಬೆಳಿಗ್ಗೆ ಬಂದಾಗ ಕಬ್ಬಿನ ತುಂಡು ಜಡ್ದಿರ್ತದೆ. ಕಿತ್ತಾಕ್ತೀನಿ. ಗೊಬ್ಬರ ಒಡ್ದು ಮುಗುದ್ ಮೇಲೆ, ಅತ್ತು ಗಂಟೇಗೆ ಪಂಜ ಕಟ್ತೀನಿ."

ಚಿಕ್ಕಸ್ವಾಮಿ ಯಾವ ಸಲ ಬಂದರೂ ಹತ್ತು ಗಂಟೆ ಕಳೆದೇ ಇತ್ತು. ಅವನು ಕಂಡದ್ದು ಪಂಜ ಕಟ್ಟಿದ ಟ್ರಾಕ್ಟರನ್ನೇ ಹೊರತು ಕಬ್ಬು ಜಡಿದ ಬಾಯನ್ನಲ್ಲ.

"ಯಾರು ಜಡಿಯೋದು?"

"ನಾನೇ ಕಣಪ್ಪ," ಅಂದರು ಪುಟ್ಟಗೌರಮ್ಮ ಜಗುಲಿಯಿಂದಲೇ, ಮೊರ ನಿಲ್ಲಿಸದೆ. ಅವರ ಕಿವಿ ಚುರುಕು. "ಅದ್ರ ಮುಚ್ಚಳ ಎರಡ್ ತಿಂಗಳ ಇಂದೆ ಎಲ್ಲಿ ಕಳ್ಕೊಂಡ್ರೋ ಕಾಣೆ. ದೀಪ ಅಚ್ಚೋ ಒತ್ನಲ್ಲಿ ನೋಡುದ್ರೆ ಅದು ಬಾಯ್ ತಕ್ಕಂಡ್ ನಿಂತಿರ್ತದೆ. ಆ ಒತ್ನಲ್ಲಿ ಈ ಮನೇಲಿ ಒಂದ್ ಚೊಂಬೂ ಬಾಯ್ ತಕ್ಕಂಡ್ ಇರಂಗಿಲ್ಲ, ನಮ್ಮತ್ತೆ ಕಾಲದಿಂದ್ಲೂ ಅಂಗೇ. ಬಟ್ಟೆ ತುರುಕುದ್ರೆ ಗಾಳೀಗೆ ಬಿದ್ದೋಯ್ತದೆ. ಕಬ್ಬಿನ ತುದಿ ಸಿಪ್ಪೆ ಎರ್ದು ಜಡ್ದ್ರೆ ಅಳ್ತೆ ತಕ್ಕಂಡಂಗೆ ಕೂತ್ಕತದೆ ನೋಡು!"

ತಮ್ಮ ಕೈಗುಣದ ಬಗ್ಗೆ ಅವರಿಗೆ ಹೆಮ್ಮೆಯೇ ಇತ್ತು. ಆ ಹೆಮ್ಮೆ ಸುಳ್ಳೂ ಅಲ್ಲ. ಬಿರಡೆ ಎಷ್ಟು ಬಿಗಿಯಾಗಿ ಕೂರುತ್ತಿತ್ತೆಂದರೆ ಪ್ರತಿ ರಾತ್ರಿ ರಸ ಇಳಿದು ಗುಂಡಿಗೆ ಅಂಟಾಗುತ್ತಿತ್ತು, ಕಿತ್ತಾಗ ನಾರು ಒಳಗೇ ಉಳಿದು ಪಂಜದ ಒತ್ತಡಕ್ಕೆ ಉಂಗುರ ಸೀಳುತ್ತಿತ್ತು. ಚಿಕ್ಕಸ್ವಾಮಿ ಇದನ್ನು ಎರಡು ಮಾತಿನಲ್ಲಿ ಹೇಳಿ ನಾರಿನ ಎಳೆ ಎತ್ತಿ ತೋರಿಸಿದ. ಮಂಜುನಾಥ ಎಲೆಯಡಿಕೆ ಉಗುಳಿ ಬಂದು ನೋಡಿದವನೇ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅವ್ವಾ! ಮೈಸೂರಿಂದ ಸಾಮಾನು ತರ್ಸಿ ಸಾಯ್ತಾ ಇದ್ರೆ ನೀನು ಟ್ರಾಕ್ಟರ್‌ಗೆ ಕಬ್ಬು ತಿನ್ನುಸ್ತಾ ಇದ್ಯಾ!"

"ನಂಗೇನ್ಲಾ ಗೊತ್ತು, ಅದುಕ್ಕೆ ಸಿಹಿ ಆಗಕಿಲ್ಲ ಅಂತ," ಎಂದು ಪುಟ್ಟಗೌರಮ್ಮನೂ ನಕ್ಕರು.

ಅಷ್ಟಕ್ಕೇ ಎಲ್ಲ ಮುಗಿಯುವುದರಲ್ಲಿತ್ತು. ಒಂದೂವರೆ ತಿಂಗಳ ಕಿರಿಕಿರಿ ತಾಯಿ ಮಗನ ನಗೆಯಲ್ಲಿ ಕರಗಿಹೋಯಿತು. ನಗದೆ ಇದ್ದವನು ಪುಟ್ಟರಾಜು ಒಬ್ಬನೇ. ಅವನು ಕೀಯನ್ನು ಎಡಗೈಯಿಂದ ಬಲಗೈಗೆ ಬದಲಿಸಿದ.

ಮಂಜುನಾಥ ಕಣ್ಣೊರೆಸಿಕೊಂಡು, "ಅಂಗಾರೆ ಸುತ್ಗೆ ಏನ್ ಮೇಸ್ತ್ರಿ? ಅದೂ ಇದೂ ಎರಡೂ ಸೇರಿ ಇಂಗಾಯ್ತೋ?" ಎಂದು ಕೇಳಿದ.

ತಪ್ಪಿಸಿಕೊಳ್ಳಲು ಬಾಗಿಲು ತಾನಾಗಿ ತೆರೆದಿತ್ತು. ಹೂಂ, ಎರಡೂ ಸೇರಿ, ಅಂದರೆ ಮುಗಿಯಿತು. ಪುಟ್ಟರಾಜನ ಕೆಲಸವೂ ಉಳಿಯಬಹುದು, ಮೇಸ್ತ್ರಿಯ ಮಾನವೂ ಉಳಿಯುತ್ತದೆ. ಹಾಗೆ ಹೇಳಿಬಿಡಲು ಚಿಕ್ಕಸ್ವಾಮಿಗೆ ಮನಸ್ಸೂ ಆಯಿತು. ಆದರೆ ಆ ನಾರಿನ ಎಳೆ ಇನ್ನೂ ಅವನ ಬೆರಳಿಗೆ ಅಂಟಿಕೊಂಡಿತ್ತು.

"ಸುತ್ಗೆ ಇಲ್ಲ ಮಂಜಣ್ಣ," ಅಂದ. "ಆವತ್ತೂ ಇರ್ಲಿಲ್ಲ. ಒಂದ್ ಏಟಿನ್ ಗುರ್ತೂ ನಾನು ನೋಡ್ನಿಲ್ಲ. ನಂಗೆ ಕಾರಣ ಗೊತ್ತಾಗ್ನಿಲ್ಲ, ಅದ್ಕೆ ಇವನ ತಲೆಗೆ ಕಟ್ದೆ."

ಮಂಜುನಾಥನ ಮುಖದ ನಗು ಒಂದು ಗಳಿಗೆ ನಿಂತಿತು. ಮೊರದ ಸದ್ದೂ ನಿಂತಿತು. "ಏನ್ ಮೇಸ್ತ್ರಿ ನೀವು," ಅಂದ ಮಂಜುನಾಥ. ಆಮೇಲೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಓಗ್ಲಿ ಬುಡಿ. ಆಗಬಾರದ್ದು ಏನಾಗೋಯ್ತು ಈಗ? ಲೇ ಪುಟ್ಟ, ಕೀ ನಿನ್ ತಾವೇ ಇರ್ಲಿ ಕಣ್ಲಾ. ಬೇಗ್ನೆ ಕಟ್ಟಿ ಲೋಡ್ ಮಾಡ್ಕೊ," ಎಂದು ಗದ್ದೆಯ ಕಡೆ ಹೊರಟುಹೋದ.

ಉಳಿದ ಕೆಲಸ ಕೈಗೆ ಗೊತ್ತಿದ್ದದ್ದೇ. ಗುಂಡನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ, ಸ್ಪ್ರಿಂಗು ಕೂರಿಸಿ, ಹೊಸ ಉಂಗುರ ಎಣ್ಣೆ ಸವರಿ ಇಟ್ಟ. ಹಳೆಯ ಸೈಕಲ್ ಟ್ಯೂಬಿನಿಂದ ಎರಡು ಪಟ್ಟಿ ಕತ್ತರಿಸಿ, ಬಾಯಿಗೆ ಪ್ಲಾಸ್ಟಿಕ್ ಕವರು ಮುಚ್ಚಿ ಪಟ್ಟಿ ಹಾಕುವುದನ್ನು ಪುಟ್ಟಗೌರಮ್ಮನಿಗೆ ತೋರಿಸಿಕೊಟ್ಟ. "ದೀಪ ಅಚ್ಚಕ್ ಮುಂಚೆ ಇದ್ನ ಆಕ್ಬುಡಿ ಅವ್ವ, ಬಾಯಿ ಮುಚ್ಚಿರ್ತದೆ," ಅಂದ. ಅವರು ಪಟ್ಟಿಯನ್ನು ಎಳೆದು ನೋಡಿ ಒಪ್ಪಿದರು. ಪುಟ್ಟರಾಜು ಪಂಜ ಕಟ್ಟಿ ಹತ್ತಾರು ಸಲ ತೆರೆದು ಮುಚ್ಚಿದ. ಒಂದು ಹನಿ ಬೀಳಲಿಲ್ಲ. ಇಷ್ಟೆಲ್ಲ ಆಗುವ ತನಕ ಅವನು ಚಿಕ್ಕಸ್ವಾಮಿಯ ಜೊತೆ ಸ್ಪ್ಯಾನರಿನ ನಂಬರು ಬಿಟ್ಟು ಬೇರೆ ಮಾತಾಡಲಿಲ್ಲ.

ಐದು ಗಂಟೆಗೆ ಚಿಕ್ಕಸ್ವಾಮಿ ಚೀಲ ಎತ್ತಿಕೊಂಡಾಗ ಪುಟ್ಟರಾಜು ಅದನ್ನು ಕೈಯಿಂದ ತೆಗೆದುಕೊಂಡ. ಸಂತೆಬಾಚಹಳ್ಳಿಯ ದಾರಿಯಲ್ಲಿ ಅರ್ಧ ನಡೆದ ಮೇಲೆ ನಿಂತ.

"ಮೇಸ್ತ್ರಿ, ಒಂದ್ ಗಳಿಗೆ ನಮ್ಮನೆ ತಾವ್ಕೆ ಬತ್ತೀರಾ? ಇಲ್ಲೇ ಕೇರಿ. ಮಂಜಣ್ಣ ಗೌಡ್ರಿಗೆ ಯೋಳುದ್ ಮಾತ್ನೇ ನಮ್ಮಪ್ಪಂಗೂ ಯೋಳ್ಬೇಕು."

"ಬಸ್ಸು..." ಅಂದ ಚಿಕ್ಕಸ್ವಾಮಿ. ಪಾಂಡವಪುರ ಮುಟ್ಟಿಸುವ ಬಸ್ಸು ಅದೊಂದೇ ಉಳಿದಿತ್ತು.

"ಆವತ್ತು ನೀವು ಓದ್ ಮೇಲೆ ಗೌಡ್ರು ಅಂಗಳದಲ್ಲಿ ಎಲ್ಲಾರ್ ಎದುರ್ಗೂ ಕೇಳುದ್ರು. ಒಪ್ಕಂಡ್ರೆ ಇರು, ಇಲ್ಲಾ ಅಂದ್ರೆ ಈಗ್ಲೇ ಓಗು ಅಂದ್ರು. ನಾನು ಒಪ್ಕಂಡೆ ಮೇಸ್ತ್ರಿ. ಕಾಲಿಗೂ ಬಿದ್ದೆ." ಪುಟ್ಟರಾಜು ದಾರಿಯನ್ನೇ ನೋಡುತ್ತಿದ್ದ. "ಕೆಲ್ಸಕ್ಕೋಸ್ಕರ ಮಾತ್ರ ಅಲ್ಲ. ಅಷ್ಟು ದೊಡ್ ಮೇಸ್ತ್ರಿ ಯೋಳುದ್ ಮೇಲೆ, ನಂಗೇ ಗೊತ್ತಿಲ್ದಂಗೆ ಯಾವತ್ತಾರ ಒಡ್ದಿದ್ನೇನೋ ಅಂತ ನಂಗೇ ಅನುಮಾನ ಬಂದ್ಬುಡ್ತು. ಅವತ್ತಿಂದ ನಮ್ಮಪ್ಪ ನನ್ ಜೊತೆ ಮಾತಾಡ್ತಾ ಇಲ್ಲ."

ಚಿಕ್ಕಸ್ವಾಮಿಗೆ ನಾಚಿಕೆಯಾಯಿತು. ಬಿಸಿಲು, ಮಂಡಿ, ಬಸ್ಸು ಯಾವುದರ ನೆಪವೂ ಇಲ್ಲದ ಬರೀ ನಾಚಿಕೆ. ಅವನು ಕೇರಿಯ ಕಡೆ ತಿರುಗಿದ.

ಪುಟ್ಟರಾಜನ ತಂದೆ ಚಲುವಯ್ಯ ಮನೆಯ ಮುಂದೆ ಹಗ್ಗ ಹೊಸೆಯುತ್ತಿದ್ದರು. ಎಪ್ಪತ್ತು ದಾಟಿದ ಮುದುಕರು. ಬಂದವರನ್ನು ಕಂಡು ಎದ್ದು ನಿಂತು, ಜಗುಲಿಯನ್ನು ಟವೆಲ್ಲಿನಿಂದ ಒರೆಸಿದರು. ಚಿಕ್ಕಸ್ವಾಮಿ ಕೂರಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದ: ಇರುವೆ, ನಾರು, ಪುಟ್ಟಗೌರಮ್ಮನ ಬಿರಡೆ, ತಾನು ಕಾಣದ ಸುತ್ತಿಗೆ. "ನಿಮ್ ಮಗನ್ದು ಏನೂ ತಪ್ಪಿಲ್ಲ ಚಲುವಯ್ನೋರೆ. ತಪ್ಪು ನಂದು."

ಚಲುವಯ್ಯ ಮಗನ ಕಡೆ ನೋಡಿದರು. ಮಗ ನೆಲ ನೋಡುತ್ತಿದ್ದ. ಮುದುಕರು ಚಿಕ್ಕಸ್ವಾಮಿಯ ಕಡೆ ತಿರುಗಿದರು.

"ಈ ಮಾತ ಎಲ್ಲಿ ಯೋಳುದ್ರಿ ಮೇಸ್ತ್ರಿಗಳೆ?"

"ಮಂಜಣ್ಣಂಗೆ ಯೋಳ್ದೆ, ಅಂಗಳದಲ್ಲೇ."

"ಅಂಗಳದಲ್ಲಿ ಇನ್ನಾರಿದ್ರು?"

"ಅವ್ವಾರಿದ್ರು. ಆಳುಗಳು ಗದ್ದೇಲಿದ್ರು."

"ಇವನು ಕಾಲಿಗೆ ಬಿದ್ದಾಗ ಆಳುಗಳೆಲ್ಲಾ ಇದ್ರು ಕಣ್ರಪ್ಪ. ಇಪ್ಪತ್ತೆರಡು ಜನ. ನಾನೂ ಇದ್ದೆ, ಕಂತೆ ಕಟ್ಟಕೆ ಓಗಿದ್ದೆ." ಚಲುವಯ್ಯನ ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಕೇರೀಲಿ ಮಕ್ಕಳೂ ಇವನ್ನ ಸುತ್ಗೆ ಪುಟ್ಟ ಅಂತಾವೆ. ಗೌಡ್ರು ಮನೇಲಿ ನಕ್ಕಂಡು ಮರ್ತುಬುಟ್ರು, ನನ್ ತಾವ ನೀವು ಬಂದು ಯೋಳುದ್ರಿ, ದೊಡ್ಡ ಮಾತು. ಆ ಇಪ್ಪತ್ತೆರಡು ಜನಕ್ಕೆ ಯಾರು ಯೋಳ್ತಾರೆ?"

ಸಂತೆಬಾಚಹಳ್ಳಿಯ ಕಡೆಯಿಂದ ಬಸ್ಸಿನ ಹಾರನ್ನು ಕೇಳಿಸಿತು. ಪುಟ್ಟರಾಜು ಚೀಲವನ್ನು ಮುಂದೆ ಚಾಚಿ, "ಓಡುದ್ರೆ ಸಿಕ್ತದೆ ಮೇಸ್ತ್ರಿ, ನಾನು ಕೈ ಅಡ್ಡ ಆಕ್ತೀನಿ, ಬನ್ನಿ," ಅಂದ.

ಚಿಕ್ಕಸ್ವಾಮಿ ಚೀಲ ತೆಗೆದುಕೊಂಡ. ಮನೆ, ಚಾಚಿದ ಕಾಲು, ಬಿಸಿನೀರು ಎಲ್ಲವೂ ಒಮ್ಮೆ ಕಣ್ಣ ಮುಂದೆ ಬಂದವು. ಮೈಯ ಒಂದೊಂದು ಕೀಲೂ ಬಸ್ಸಿನ ಕಡೆಗೇ ಎಳೆಯುತ್ತಿತ್ತು.

"ಬೆಳಿಗ್ಗೆ ಆಳುಗಳು ಅಂಗಳದಲ್ಲಿ ಎಷ್ಟೊತ್ತಿಗೆ ಸೇರ್ತಾರೆ?" ಎಂದು ಕೇಳಿದ.

"ಆರೂವರೆಗೆ," ಅಂದರು ಚಲುವಯ್ಯ.

ಅವನು ಚೀಲವನ್ನು ಒರೆಸಿದ ಜಗುಲಿಯ ಮೇಲಿಟ್ಟ. ಚಪ್ಪಲಿ ಬಿಟ್ಟು, ಗೋಡೆ ಹಿಡಿದುಕೊಂಡು, ಮಂಡಿ ನೋಯದ ಹಾಗೆ ನಿಧಾನಕ್ಕೆ ಕೂತು, "ಅಂಗಾರೆ ಕುಡಿಯಕ್ ಒಂದ್ ಚೊಂಬು ನೀರು ಕೊಡಿ," ಅಂದ. "ಮಲಗಕ್ಕೆ ಒಂದ್ ಚಾಪೆ ಸಿಕ್ಕುದ್ರೆ ಸಾಕು."